ಬೆಂಕಿಗಿಂತ ಮೊದಲು

ನಮ್ಮ ಅಕ್ಕ ಹೆಣ ಕೊಯ್ಯುವ ಡಾಕ್ಟರು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ವಾರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಮನೆಯ ಮೇಲಂತಸ್ತು ಅವರದು, ಕೆಳಗಿನದು ನಮ್ಮದು, ಅಡುಗೆಮನೆ ಮಾತ್ರ ಎರಡು ಸಂಸಾರಕ್ಕೂ ಒಂದೇ. ವಾರಗಿತ್ತಿಯರು ಒಂದೇ ಒಲೆಯ ಮುಂದೆ ಇಷ್ಟು ವರ್ಷ ಹೇಗೆ ಬಾಳಿದಿರಿ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಅಕ್ಕ ಒಲೆಯ ಹತ್ತಿರ ಬರುವುದೇ ಇಲ್ಲ. ಬಂದರೆ ಪಾತ್ರೆಗೆ ಗಂಡಾಂತರ. ಸುಟ್ಟದ್ದನ್ನು ನೋಡಿ ಅದಕ್ಕೆ ಮೊದಲು ಏನಾಗಿತ್ತು ಎಂದು ಹೇಳುವುದು ಅವರ ಕಸುಬು, ಆದರೆ ಹಾಲು ಉಕ್ಕಿ ಸೀಯುತ್ತಿದ್ದರೆ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿರುತ್ತಾರೆ.

ಬೀದಿಯವರು ಅವರಿಗೆ ಇಟ್ಟಿರುವ ಹೆಸರು ‘ಕೊನೇ ಡಾಕ್ಟ್ರು’. ಮೊದಲು ಬೆನ್ನ ಹಿಂದೆ ಅನ್ನುತ್ತಿದ್ದರು, ಈಗ ಮುಖದ ಮೇಲೆಯೇ ಅನ್ನುತ್ತಾರೆ. ಅಕ್ಕನಿಗೆ ಅದರಿಂದ ಬೇಸರವಿಲ್ಲ. ಬೇಸರವಾಗುವುದು ನನಗೆ. ಮೂಳೆ ಡಾಕ್ಟರ ಹೆಂಡತಿ, ಹಲ್ಲಿನ ಡಾಕ್ಟರ ತಂಗಿ ಎಂದು ಹೇಳಿಕೊಂಡು ತಿರುಗುವವರ ನಡುವೆ, ನಮ್ಮಕ್ಕನ ಕೆಲಸ ಹೇಳಿದೊಡನೆ ಎದುರಿಗಿದ್ದವರು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರಲ್ಲ, ಆಗ ನನ್ನ ಪಿತ್ತ ನೆತ್ತಿಗೇರುತ್ತದೆ. ನಿಮ್ಮ ಮನೆಯಲ್ಲಿ ಯಾರಾದರೂ ಹೇಗೆ ಸತ್ತರು ಎಂದು ಗೊತ್ತಾಗದೆ ಕೂತಾಗ ಹಲ್ಲಿನ ಡಾಕ್ಟರನ್ನೇ ಕೇಳಿ ಎಂದು ಒಬ್ಬರಿಗೆ ಹೇಳಿಯೂ ಬಿಟ್ಟಿದ್ದೇನೆ.

ಅವರ ಕೆಲಸದ ರೀತಿ ಒಂದೇ. ಮೊದಲು ದೇಹ, ಆಮೇಲೆ ಕಥೆ. ಪೊಲೀಸರು ಶವದ ಜೊತೆ ಒಂದು ಕಥೆಯನ್ನೂ ಹೊತ್ತು ತರುತ್ತಾರೆ. ‘ಹೀಗಾಯಿತಂತೆ, ಹೀಗಂದರಂತೆ’ ಎಂದು ಶುರುಮಾಡಿದರೆ ಅಕ್ಕ ಕೈ ಅಡ್ಡ ಹಿಡಿದು ಅವರನ್ನು ಹೊರಗೆ ಕೂರಿಸುತ್ತಾರೆ. ಕಥೆ ಮೊದಲು ಕಿವಿಗೆ ಬಿದ್ದರೆ ಕಣ್ಣು ಅದನ್ನೇ ಹುಡುಕಿಕೊಂಡು ಹೋಗುತ್ತದೆ ಎಂಬುದು ಅವರ ಮಾತು. ಮನೆಯಲ್ಲೂ ಇದೇ ಕಾನೂನು. ನಮ್ಮ ಮಕ್ಕಳು ಕಚ್ಚಾಡಿಕೊಂಡು ಅಳುತ್ತಾ ಬಂದರೆ ನಾನಾದರೆ ಯಾರು ಮೊದಲು ಹೊಡೆದದ್ದು ಎಂದು ಕೇಳುತ್ತೇನೆ. ಅಕ್ಕ ಹಾಗಲ್ಲ. ‘ಕಥೆ ಆಮೇಲೆ, ಮೊದ್ಲು ಗಾಯ ತೋರ್ಸಿ’ ಎಂದು ಕನ್ನಡಕ ಏರಿಸಿ, ತೋಳಿನ ಮೇಲಿನ ಹಲ್ಲಿನ ಗುರುತು ನೋಡಿ, ಅದು ದೂರು ತಂದವನೇ ತನ್ನನ್ನು ತಾನು ಕಚ್ಚಿಕೊಂಡದ್ದು ಎಂದು ತೀರ್ಪು ಕೊಟ್ಟು ಮೇಲೆ ಹೋಗಿಬಿಡುತ್ತಾರೆ. ಅಪೀಲಿಗೆ ಅವಕಾಶವಿಲ್ಲ.

ಮುಂದಿನ ಕೋಣೆಯಲ್ಲಿ ನನ್ನ ಟೈಲರಿಂಗ್ ಅಂಗಡಿ ಇದೆ. ಅಲ್ಲಿ ನನ್ನ ಜೊತೆ ಕೆಲಸ ಮಾಡುವವಳನ್ನು ನಾವು ಗುಂಡಿ ಎಂದು ಕರೆಯುತ್ತೇವೆ, ಶರ್ಟಿಗೆ ಗುಂಡಿ ಹಾಕುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಮಾತು ಕಡಿಮೆ. ಗಂಡ ತೀರಿಕೊಂಡ ಮೇಲೆ ಅವನ ಹಳೇ ವ್ಯಾನು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಅದನ್ನು ತಾನೇ ಓಡಿಸಬೇಕು, ಹೊಲಿದ ಬಟ್ಟೆಗಳನ್ನು ತಾನೇ ಅಂಗಡಿಗಳಿಗೆ ಮುಟ್ಟಿಸಬೇಕು ಎಂದು ಒಂದು ದಿನ ಇದ್ದಕ್ಕಿದ್ದಂತೆ ನಿರ್ಧಾರ ಮಾಡಿ, ಗೇರ್ ಮೇಷ್ಟ್ರ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡಳು.

ಗೇರ್ ಮೇಷ್ಟ್ರ ಸ್ಕೂಲೆಂದರೆ ಒಂದು ಕುರ್ಚಿ, ಒಂದು ಬೋರ್ಡು, ಒಂದು ಮುದಿ ಕಾರು. ಅರ್ಧ ಊರಿಗೆ ಡ್ರೈವಿಂಗ್ ಕಲಿಸಿದ್ದು ಅದೇ ಕಾರು. ಮೇಷ್ಟ್ರು ಕೂರುವ ಕಡೆಯೂ ಒಂದು ಬ್ರೇಕ್ ಇತ್ತು. ಹೊಸಬರು ಹೆದರಿದರೆ ‘ನೀನು ಸ್ಟೇರಿಂಗ್ ನೋಡ್ಕೋ, ಬ್ರೇಕು ನನ್ ಕಾಲ ಕೆಳಗಿದೆ’ ಎನ್ನುತ್ತಿದ್ದರು. ನನಗೂ ಹಾಗೇ ಅಂದಿದ್ದರು. ಮೂರು ಸಲ ಫೇಲಾದರೂ ಬಿಡದೆ ಪಾಸು ಮಾಡಿಸಿದ ಮಹಾನುಭಾವ ಅವರು, ಅವರ ಬಗ್ಗೆ ಕೆಟ್ಟ ಮಾತು ನನ್ನ ಬಾಯಲ್ಲಿ ಬರುವುದಿಲ್ಲ.

ಅವತ್ತು ಮಧ್ಯಾಹ್ನ ಆ ಕಾರು ಸೇತುವೆಯ ಗೋಡೆಗೆ ಗುದ್ದಿ ಹೊತ್ತಿಕೊಂಡಿತು. ಸ್ಟೇರಿಂಗ್ ಹಿಡಿದಿದ್ದವಳು ಗುಂಡಿ. ಅವಳು ಹೊರಗೆ ಬಂದಳು, ಮೇಷ್ಟ್ರು ಬರಲಿಲ್ಲ.

ಸುದ್ದಿ ಕೇಳಿ ನಾನು ಆಸ್ಪತ್ರೆಗೆ ಓಡಿದಾಗ ಅವಳ ಎರಡು ಅಂಗೈಗೂ ಬ್ಯಾಂಡೇಜ್ ಸುತ್ತಿದ್ದರು. ನನ್ನನ್ನು ನೋಡಿದವಳೇ ಒಂದೇ ಉಸಿರಿಗೆ ಹೇಳಿದಳು. “ನಾನು ಕಾಯ್ತಾ ಇದ್ದೆ. ಗೋಡೆ ಹತ್ರ ಬರ್ತಿತ್ತು, ಸಾರ್ ಬ್ರೇಕ್ ಹಾಕ್ತಾರೆ ಅಂತ ಕಾಯ್ತಾ ಇದ್ದೆ. ಅವರು ಹಾಕ್ಲೇ ಇಲ್ಲ. ಆಮೇಲೆ ಬೆಲ್ಟ್ ಬಿಚ್ಚೋಕೆ ನೋಡ್ದೆ, ಆಗ್ಲಿಲ್ಲ. ಕೈ ಸುಡ್ತು. ಬಿಟ್ಟು ಓಡಿ ಬಂದ್ಬಿಟ್ಟೆ.” ಆ ಕೊನೆಯ ಮಾತನ್ನೇ ಆಮೇಲೆ ಎಷ್ಟೋ ಸಲ ಹೇಳಿದಳು.

ಕಾರು ಆರಿದ ಮೇಲೆ ಯಾರೋ ಪುಣ್ಯಾತ್ಮ ಫೋಟೋ ತೆಗೆದು ಎಲ್ಲರ ಫೋನಿಗೂ ಹಂಚಿದ್ದ. ಅವನ ಕೈಗೆ ಬೇರೆ ಕೆಲಸವಿರಲಿಲ್ಲವೇನೋ. ಅದರಲ್ಲಿ ಮೇಷ್ಟ್ರ ಎರಡೂ ಕೈ ಮಡಚಿ, ಮುಷ್ಟಿ ಬಿಗಿದು, ಎದೆಯ ಮುಂದೆ ಮೇಲೆದ್ದಿದ್ದವು. ಅಷ್ಟು ಸಾಕಾಯಿತು. ಪಾಪ, ಗಾಜು ಗುದ್ದುತ್ತಾ ಇದ್ದರು, ಬದುಕಿದ್ದವರನ್ನು ಬಿಟ್ಟು ಇವಳು ಕಾಲಿಗೆ ಬುದ್ಧಿ ಹೇಳಿದಳು ಎಂದು ಜನ ಬಾಯಿಗೆ ಬಂದಂತೆ ಆಡತೊಡಗಿದರು. ಅಂಗಡಿಗೆ ಬಂದ ಒಬ್ಬಾಕೆ ಗುಂಡಿಯ ಕೈಯಿಂದ ಹೊಲಿದ ಬಟ್ಟೆ ತನಗೆ ಬೇಡ ಎಂದಳು. ನಾನು ಬಟ್ಟೆಯ ಜೊತೆ ಅವಳಿಗೂ ಬಾಗಿಲು ತೋರಿಸಿದೆ. ಆದರೆ ಗುಂಡಿಯ ಬಾಯಿ ಮುಚ್ಚಿಸಲು ನನ್ನಿಂದ ಆಗಲಿಲ್ಲ. ಜನ ಅನ್ನುವುದನ್ನು ಅವಳೂ ನಂಬಿಕೊಂಡಿದ್ದಳು. ಇನ್‌ಸ್ಪೆಕ್ಟರ್ ಎರಡು ಸಲ ಬಂದು ಹೇಳಿಕೆ ಬರೆದುಕೊಂಡು ಹೋದರು. ಕೆಟ್ಟ ಮನುಷ್ಯನಲ್ಲ, ಕುರ್ಚಿ ಕೊಟ್ಟರೆ ಅಂಚಿನಲ್ಲಿ ಕೂರುವವರು. ಮೇಷ್ಟ್ರು ಬೆಂಕಿಯಲ್ಲಿ ಸತ್ತಿದ್ದರೆ ಅವಳ ಮೇಲಿನ ಕೇಸು ಗಟ್ಟಿಯಾಗುತ್ತದೆ ಎಂದು ಮಾತ್ರ ಮೆಲ್ಲಗೆ ಹೇಳಿದರು.

ಪೋಸ್ಟ್‌ಮಾರ್ಟಂ ಮಾಡಿದ್ದು ನಮ್ಮ ಅಕ್ಕ. ಗುಂಡಿ ನಮ್ಮ ಮನೆಯಲ್ಲಿ ಕೆಲಸ ಮಾಡುವವಳು, ಬೇರೆಯವರಿಗೆ ವಹಿಸಿ ಎಂದು ಅವರು ಮೊದಲೇ ಹೇಳಿದ್ದರಂತೆ. ಸುಟ್ಟ ದೇಹ ನೋಡಿ ಪಳಗಿದವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ಅವರ ಮೇಲಿನ ದೊಡ್ಡ ಡಾಕ್ಟರು ತಾವೇ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ನೋಡುತ್ತೇನೆ ಎಂದು ಒಪ್ಪಿಸಿದರು.

ಆ ಸಂಜೆ ಅಕ್ಕ ಮನೆಗೆ ಬಂದು ಕೈಕಾಲು ತೊಳೆದು ಕೂತರು. ನಾನು ಟೀ ಲೋಟ ಮುಂದಿಟ್ಟು, ಎದುರಿಗೇ ಕುರ್ಚಿ ಎಳೆದುಕೊಂಡು ಕೂತೆ.

“ಏನಾಯ್ತಕ್ಕ?”

“ಟೀಗೆ ಸಕ್ಕರೆ ಹಾಕಿಲ್ಲ ನೀನು.”

“ಅಕ್ಕ!”

“ಕೇಸ್ ಮನೆಗೆ ತರಲ್ಲ ಕಣೇ. ನಿಂಗೊತ್ತು.”

“ಅವಳು ಊಟ ಬಿಟ್ಟಿದಾಳೆ. ಬದುಕಿದ್ರಾ ಇಲ್ವಾ, ಅಷ್ಟು ಹೇಳಿದ್ರೆ ನಿಮ್ ಗಂಟೇನು ಹೋಗುತ್ತೆ?”

“ಇವತ್ತು ಹೌದು ಅಂದು ನಾಳೆ ಇಲ್ಲ ಅಂದ್ರೆ ಅವಳ ಗತಿ ಏನು? ನಂಗೇ ಇನ್ನೂ ಗೊತ್ತಿಲ್ಲ. ಗೊತ್ತಾಗೋವರೆಗೂ ಬಾಯಿ ಬಿಡಲ್ಲ.” ಲೋಟ ಎತ್ತಿಕೊಂಡು ಮೆಟ್ಟಿಲ ತನಕ ಹೋದವರು ಅಲ್ಲೇ ನಿಂತರು. “ಒಂದು ಮಾತು ಹೇಳ್ತೀನಿ. ಇದು ಪುಸ್ತಕದಲ್ಲಿರೋದು, ಈ ಕೇಸಿನದಲ್ಲ. ಬೆಂಕೀಲಿ ಸುಟ್ಟ ದೇಹ ಯಾವ್ದಾದ್ರೂ ಸರಿ, ಮುಷ್ಟಿ ಬಿಗಿದು ಕೈ ಎತ್ಕೊಂಡೇ ಇರುತ್ತೆ. ಬಿಸಿಗೆ ಸ್ನಾಯು ಮುದುಡುತ್ತೆ, ಅಷ್ಟೆ. ಯಾವತ್ತೋ ಸತ್ತವರನ್ನ ಸುಟ್ರೂ ಹಾಗೇ. ಅದು ಗುದ್ದೋದಲ್ಲ.”

ನಾನು ಆ ಮಾತನ್ನು ಗುಂಡಿಗೆ ಮುಟ್ಟಿಸಿದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ನನಗೆ ಅಕ್ಕನ ಮೇಲೆ ಎಷ್ಟು ಕೋಪ ಬಂತೆಂದರೆ ಆ ವಾರ ಪೂರ್ತಿ ಮಾತು ಬಿಟ್ಟೆ. ಬೇಕಾದ್ದನ್ನು ಭಾವನ ಮೂಲಕ ಹೇಳಿ ಕಳಿಸುತ್ತಿದ್ದೆ. ಪಾಪ, ಭಾವ ಗಡಿಯಾರ ರಿಪೇರಿ ಮಾಡುವವರು, ಗಲಾಟೆ ಎಂದರೆ ಆಗದು. ಕೊನೆಗೆ ಕೈ ಮುಗಿದು, “ನಿಮ್ಮಿಬ್ಬರ ಮಧ್ಯೆ ನಾನೇನು ಪೋಸ್ಟ್‌ಮ್ಯಾನಾ?” ಎಂದು ತಮ್ಮ ಗಡಿಯಾರದ ಅಂಗಡಿಗೆ ಹೋಗಿ ಕೂತರು.

ಅಕ್ಕ ಆ ವಾರ ಏನು ಮಾಡುತ್ತಿದ್ದರು ಎಂಬುದು ನನಗೆ ತಿಳಿದದ್ದು ಆಮೇಲೆ. ಹೊರಗೆ ಇದ್ದಿಲಾದ ದೇಹದ ಒಳಗೂ ಎಷ್ಟೋ ಉಳಿದಿರುತ್ತದಂತೆ. ಬೆಲ್ಟಿನ ಅಡಿಯಲ್ಲಿ ಒಂದು ಪಟ್ಟಿ ಚರ್ಮ ಹಾಗೇ ಇತ್ತು. ಶ್ವಾಸನಾಳ ತೆರೆದು ನೋಡಿದರು. ಮಸಿ ಇರಲಿಲ್ಲ, ತೊಳೆದಿಟ್ಟಂತೆ ಚೊಕ್ಕವಾಗಿತ್ತು. ಹೊಗೆಯಲ್ಲಿ ಉಸಿರಾಡಿದವರ ಗಂಟಲಲ್ಲಿ ಮಸಿ ಕೂತಿರುತ್ತದೆ. ನಾನಾಗಿದ್ದರೆ ಅಷ್ಟಕ್ಕೇ ಕುಣಿದಾಡಿ ರಿಪೋರ್ಟು ಬರೆದುಬಿಡುತ್ತಿದ್ದೆ. ಅಕ್ಕ ಬರೆಯಲಿಲ್ಲ. ಪೆಟ್ರೋಲು ಭಗ್ಗೆಂದು ಹತ್ತಿಕೊಂಡರೆ ಹೊಗೆ ಕುಡಿಯುವಷ್ಟೂ ಹೊತ್ತು ಸಿಗದೆ ಸಾಯುವವರೂ ಇದ್ದಾರೆ, ಅವರ ಗಂಟಲೂ ಚೊಕ್ಕವಾಗಿರಬಹುದು.

ಆಮೇಲೆ ಹೃದಯ. ಅದರ ಸುತ್ತಿನ ಚೀಲದಲ್ಲಿ ರಕ್ತ ತುಂಬಿ ಗಟ್ಟಿಯಾಗಿತ್ತು, ಹೃದಯದ ಗೋಡೆಯಲ್ಲಿ ಒಂದು ಹರಿದ ಬಾಯಿ. ಕಾರು ಸೇತುವೆಗೆ ಗುದ್ದಿದ ಹೊಡೆತಕ್ಕೆ ಹರಿಯಿತೋ, ಅದಕ್ಕೂ ಮೊದಲೇ ಹರಿದಿತ್ತೋ? ಹರಿದ ಅಂಚಿನಿಂದ ಒಂದು ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಇದನ್ನು ಅವರು ನನಗೆ ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. “ಹೊಸಾ ಬಟ್ಟೆ ಎಳೆದು ಹರಿದಿದ್ದಕ್ಕೂ, ಹಳೇದಾಗಿ ಲಡ್ಡಾಗಿರೋ ಬಟ್ಟೆ ತಾನೇ ಬಿಟ್ಕೊಂಡಿದ್ದಕ್ಕೂ ಅಂಚು ನೋಡಿದ್ರೆ ನಿಂಗೆ ಗೊತ್ತಾಗಲ್ವಾ? ಹಾಗೇ ಇದೂನೂ. ಅಲ್ಲಿನ ಸ್ನಾಯು ಅದಕ್ಕೂ ಕೆಲವು ದಿನ ಮುಂಚೇನೇ ಸತ್ತಿತ್ತು.” ಮೇಷ್ಟ್ರಿಗೆ ಕೆಲವು ದಿನಗಳ ಹಿಂದೆಯೇ ಹೃದಯಾಘಾತವಾಗಿತ್ತು. ಅದನ್ನು ಅವರು ಗ್ಯಾಸೆಂದು ನುಂಗಿಕೊಂಡು ದಿನವೂ ಕಾರು ಹತ್ತಿದ್ದರು. ಸೇತುವೆಯ ಹತ್ತಿರ ಆ ಲಡ್ಡಾದ ಜಾಗ ಹರಿಯಿತು. ಬ್ರೇಕಿನ ಮೇಲಿದ್ದ ಕಾಲು ಒತ್ತದೇ ಉಳಿದದ್ದು ಅದಕ್ಕೇ.

ಎಲ್ಲ ಸರಿಹೋಯಿತಲ್ಲ ಎನ್ನುವಾಗ ಲ್ಯಾಬಿನಿಂದ ರಕ್ತದ ಫಲಿತಾಂಶ ಬಂತು. ರಕ್ತದಲ್ಲಿ ಹೊಗೆಯ ವಿಷ, ಕಾರ್ಬನ್ ಮಾನಾಕ್ಸೈಡ್, ಸ್ವಲ್ಪ ಇತ್ತು. ಕೊಲ್ಲುವಷ್ಟಲ್ಲ. ಆದರೆ ಇತ್ತು.

ಇನ್‌ಸ್ಪೆಕ್ಟರ್ ಅದನ್ನೇ ಹಿಡಿದರು. ಇದ್ದ ಮೇಲೆ ಉಸಿರಾಡಿದ್ದಾರೆ, ಉಸಿರಾಡಿದ್ದಾರೆ ಎಂದ ಮೇಲೆ ಬೆಂಕಿ ಹತ್ತಿದಾಗ ಬದುಕಿದ್ದರು. ಅವರ ಲೆಕ್ಕ ತಪ್ಪೇನಲ್ಲ. ಸಿಗರೇಟು ಸೇದುವವರ ರಕ್ತದಲ್ಲೂ ಅಷ್ಟು ಇರುತ್ತದೆ ಎಂದು ಅಕ್ಕ ಹೇಳಿದರು. ಇನ್‌ಸ್ಪೆಕ್ಟರ್ ಮೇಷ್ಟ್ರ ಹೆಂಡತಿಯನ್ನು ಕೇಳಿ ಬಂದರು. ಆಕೆ ಸತ್ಯ ಮಾಡಿ ಹೇಳಿದರಂತೆ: ಹಿಂದೊಮ್ಮೆ ಎದೆ ಹಿಡಿದುಕೊಂಡಾಗ ಡಾಕ್ಟರು ಬೈದರು, ಅವತ್ತೇ ಬಿಟ್ಟರು, ಆಮೇಲೆ ಒಂದು ದಿನವೂ ಮುಟ್ಟಿಲ್ಲ. ಅಕ್ಕ ಅದೇ ರಕ್ತದಲ್ಲಿ ನಿಕೋಟಿನ್ ಹುಡುಕಲು ಬೇರೆ ಲ್ಯಾಬಿಗೆ ಬರೆದರು, ಗುಂಡಿಯನ್ನು ಆಸ್ಪತ್ರೆಗೆ ಕರೆಸಿದರು. ಮನೆಯಲ್ಲಿ ದಿನಾ ಎದುರಿಗೆ ಸಿಗುವವಳನ್ನು ಕೇಳಬಹುದಿತ್ತಲ್ಲ ಎಂದು ನನಗೆ ಮತ್ತೆ ಉರಿಯಿತು. ಬ್ಯಾಂಡೇಜಿನ ಕೈಯವಳಿಗೆ ನೀರು ಕುಡಿಸಲಾದರೂ ಒಬ್ಬರು ಬೇಕಲ್ಲ ಎಂಬ ನೆಪ ಹೂಡಿ ನಾನೂ ಒಳಗೆ ಹೋಗಿ ಕೂತೆ.

ಚಿಕ್ಕ ಕೋಣೆ. ಮೇಜಿನ ಈಚೆ ನಾವಿಬ್ಬರು, ಆಚೆ ಅಕ್ಕ, ಕಿಟಕಿಯ ಹತ್ತಿರ ಇನ್‌ಸ್ಪೆಕ್ಟರ್. ಅಕ್ಕ ನನ್ನ ಕಡೆ ನೋಡಲೂ ಇಲ್ಲ.

“ಮೇಷ್ಟ್ರು ಸಿಗರೇಟ್ ಸೇದ್ತಿದ್ರಾ?”

“ಇಲ್ಲ ಡಾಕ್ಟ್ರಮ್ಮ,” ಎಂದಳು ಗುಂಡಿ. ಬಹಳ ಬೇಗ ಹೇಳಿದಳು.

ಅಕ್ಕ ಜೋರು ಮಾಡಲಿಲ್ಲ. “ಸರಿ. ಅವತ್ತಿಂದು ಬೇಡ, ದಿನಾ ಕ್ಲಾಸ್ ಹೇಗೆ ಶುರುವಾಗ್ತಿತ್ತು ಅದನ್ನ ಹೇಳು.”

ಅವಳಿಗೆ ಉಸಿರು ಬಂದಂತಾಯಿತು. ಮೇಷ್ಟ್ರು ಕಾರನ್ನು ಹಳೇ ಗೋದಾಮಿನ ಹಿಂದೆ ತಂದು ನಿಲ್ಲಿಸುತ್ತಿದ್ದರು, ಕಿಟಕಿ ಪೂರ್ತಿ ಇಳಿಸುತ್ತಿದ್ದರು. ಮೊದಲ ಪಾಠ ಟೈರ್ ಪರೀಕ್ಷೆ. ಕಾರಿಂದ ಇಳಿದು ನಾಲ್ಕೂ ಟೈರನ್ನು ನಿಧಾನವಾಗಿ ನೋಡಿಕೊಂಡು ಬರಬೇಕು, ಅವಸರ ಮಾಡಬಾರದು. ಬಂದ ಮೇಲೆ ಇಬ್ಬರೂ ಒಂದೊಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಹೊರಡುವುದು. ನನಗೆ ಕಲಿಸುವಾಗ ಈ ಟೈರ್ ಪಾಠವೇ ಇರಲಿಲ್ಲವಲ್ಲ ಎಂದು ನಾನು ಯೋಚಿಸುತ್ತಿದ್ದೆ.

“ನಾಲ್ಕು ಟೈರ್ ನೋಡೋಕೆ ಎಷ್ಟು ಹೊತ್ತು ಬೇಕಾಗ್ತಿತ್ತು?” ಅಕ್ಕ ಕೇಳಿದರು. “ಒಂದು ಸಿಗರೇಟ್ ಮುಗಿಯೋಷ್ಟಾ?”

ಗುಂಡಿ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ಕಿಟಕಿ ಬಿಟ್ಟು ಮೇಜಿನ ಹತ್ತಿರ ಬಂದರು. ಅವಳು ತಲೆ ಎತ್ತದೆಯೇ ಅಂದಳು. “ಮನೇಲಿ ಹೇಳ್ಬೇಡ ಅಂತ ಮೇಷ್ಟ್ರು ಅಂದಿದ್ರು. ಹೇಳಲ್ಲ ಅಂತ ಮಾತು ಕೊಟ್ಟಿದ್ದೆ.”

ನನಗೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಎಂದೂ ಅನ್ನಿಸಿತು. ಮೈಮೇಲೆ ಕೇಸು ಬರುತ್ತಿದೆ, ಊರೆಲ್ಲ ಉಗಿಯುತ್ತಿದೆ, ಇವಳು ಸತ್ತವರ ಕಳ್ಳ ಸಿಗರೇಟನ್ನು ಕಾಯುತ್ತಾ ಕೂತಿದ್ದಾಳೆ! ಅಕ್ಕ ಮಾತ್ರ ಎದ್ದು ಮುಖ ತೊಳೆಯಲು ಹೋದರು. ನನ್ನ ವಾರಗಿತ್ತಿ ಅತ್ತದ್ದನ್ನು ನಾನು ಎಂದೂ ಕಂಡಿಲ್ಲ, ಅವತ್ತೂ ಕಾಣಲಿಲ್ಲ. ಮುಖ ತೊಳೆದುಕೊಂಡು ಬಂದದ್ದನ್ನು ಕಂಡೆ.

“ಬಾಯಿ ಮಾತು ಸಾಲದು ಇನ್‌ಸ್ಪೆಕ್ಟ್ರೇ,” ಎಂದರು ಬಂದವರೇ. “ರಕ್ತವೂ ಹೇಳ್ಲಿ. ಆಮೇಲೆ ಬರೀತೀನಿ.”

ರಕ್ತವೂ ಹೇಳಿತು. ನಿಕೋಟಿನ್ ಇತ್ತು. ಅಕ್ಕ ರಿಪೋರ್ಟು ಬರೆದರು, ದೊಡ್ಡ ಡಾಕ್ಟರು ಓದಿ ಸಹಿ ಹಾಕಿದರು: ಸಾವಿಗೆ ಕಾರಣ ಹೃದಯ ಹರಿದದ್ದು, ಸಾವು ಬೆಂಕಿಗಿಂತ ಮೊದಲು. ಇನ್‌ಸ್ಪೆಕ್ಟರ್ ಓದಿ, ಇನ್ನು ಇದರಲ್ಲಿ ಅವಳ ಮೇಲೆ ಹೊರಿಸುವಂಥದ್ದು ಏನೂ ಇಲ್ಲ ಎಂದು ಅಂಗಡಿಗೇ ಬಂದು ಹೇಳಿ ಹೋದರು. ಈ ಸಲ ಕುರ್ಚಿಯಲ್ಲಿ ಪೂರ್ತಿ ಕೂತರು.

ಅಕ್ಕನದು ಇನ್ನೊಂದು ಕೆಲಸ ಬಾಕಿ ಇತ್ತು. ಮನೆಯವರಿಗೆ ಸುದ್ದಿಯನ್ನು ಕಾಗದದಲ್ಲಿ ಕಳಿಸುವುದು ಅವರಿಗೆ ಒಗ್ಗದು. ಕರೆಸಿ, ಬಿಳಿ ಕೋಟು ತೆಗೆದಿಟ್ಟು, ಪಕ್ಕದ ಕುರ್ಚಿಯಲ್ಲಿ ಕೂತು ತಾವೇ ಹೇಳುತ್ತಾರೆ. ಮೇಷ್ಟ್ರ ಹೆಂಡತಿಯನ್ನು ಕರೆಸಿದ ದಿನ ಗುಂಡಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಬೇಡವೆಂದು ನಾನೂ ಅಂದೆ, ಅಕ್ಕನೂ ಅಂದರು. ಅವಳು ಕೇಳಲಿಲ್ಲ. ಕೊನೆಗೆ ಅಕ್ಕ ಮೇಷ್ಟ್ರ ಹೆಂಡತಿಯನ್ನೇ ಕೇಳಿದರು. ಆಕೆ ಬರಲಿ ಎಂದರು. ಬೈಯಲಿಕ್ಕೇ ಇರಬೇಕು ಎಂದುಕೊಂಡು ನಾನೂ ಗುಂಡಿಯ ಜೊತೆ ಹೋದೆ.

ಆಕೆ ದಪ್ಪ ಕನ್ನಡಕದ, ನೆಟ್ಟಗೆ ಕೂರುವ ಹೆಂಗಸು. ಅಕ್ಕ ಒಂದೊಂದೇ ಹೇಳಿದರು. ಮುಷ್ಟಿಯ ವಿಷಯ ಮೊದಲು. ಆಮೇಲೆ ಗಂಟಲು, ಆಮೇಲೆ ಹೃದಯ.

“ಬೆಂಕಿ ಅವರಿಗೆ ಗೊತ್ತೇ ಆಗ್ಲಿಲ್ವಾ?”

“ಗೊತ್ತಾಗ್ಲಿಲ್ಲಮ್ಮ. ಅದಕ್ಕೆ ಮುಂಚೇನೇ ಹೋಗಿದ್ರು.”

“ನನ್ ಸಮಾಧಾನಕ್ಕೆ ಹೇಳ್ತಿದೀರಾ?”

“ಇಲ್ಲ. ಬೇರೆ ಥರ ಇದ್ದಿದ್ರೆ ಅದನ್ನೂ ಹೀಗೇ ಕೂತು ಹೇಳ್ತಿದ್ದೆ.”

ಆಕೆ ನಂಬಿದರು. ನಮ್ಮಕ್ಕ ಹೇಳಿದರೆ ನಂಬದವರನ್ನು ನಾನು ಇನ್ನೂ ನೋಡಿಲ್ಲ. ಎದೆನೋವಿನ ಮಾತು ಬಂದಾಗ, ‘ಗ್ಯಾಸ್ ಅಂದ್ರು, ಬಿಸಿನೀರು ಕಾಯಿಸಿ ಕೊಟ್ಟೆ’ ಎಂದು ಆಕೆ ತಮಗೆ ತಾವೇ ಹೇಳಿಕೊಂಡರು. ಕೊನೆಗೆ ಸಿಗರೇಟು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಗುಂಡಿ ಕುರ್ಚಿಯಿಂದ ಎದ್ದು ನಿಂತಳು.

“ದಿನಾ ಒಂದು ಸೇದ್ತಿದ್ರು ಅಮ್ಮಾ. ನಿಮಗೆ ಗೊತ್ತಾದ್ರೆ ನೊಂದ್ಕೋತೀರಿ, ಹೇಳ್ಬೇಡ ಅಂದಿದ್ರು. ನಾನು ಡಾಕ್ಟ್ರಿಗೂ ಸುಳ್ಳು ಹೇಳ್ದೆ. ತಡೀಲಿಲ್ಲ ನಾನು, ಹೇಳ್ಬೇಕಿತ್ತು ನಿಮಗೆ.”

ಮೇಷ್ಟ್ರ ಹೆಂಡತಿ ಕನ್ನಡಕ ತೆಗೆದರು. “ಕಳ್ಳ,” ಎಂದರು. “ಬರೀ ಪೆಪ್ಪರ್‌ಮಿಂಟ್ ವಾಸನೆ ಬರ್ತಿತ್ತು. ಮಕ್ಕಳ ಥರಾ ಅದೇನು ತಿಂತೀರಿ ಅಂತ ನಾನು ಬೈತಿದ್ದೆ.” ಆಮೇಲೆ ಅವಳ ಕೈಗಳನ್ನು ನೋಡಿದರು. “ಅದು ಬೆಲ್ಟ್ ಬಿಚ್ಚೋಕೆ ಹೋಗಿ ಆಗಿದ್ದಾ?”

“ಹೂಂ. ಬರ್ಲಿಲ್ಲ ಅದು. ಬಿಟ್ಟು ಓಡ್ಬಿಟ್ಟೆ.”

“ಓಡ್ದೆ ಇನ್ನೇನ್ ಮಾಡ್ತಿದ್ದೆ? ಅವರು ಇರ್ಲಿಲ್ಲ ಅಂತ ಡಾಕ್ಟ್ರು ಹೇಳ್ಲಿಲ್ವಾ?” ಎಂದು ಆಕೆ ಗದರಿದರು. ಗದರಿಕೆ ಕೇಳಿ ಗುಂಡಿ ತಟ್ಟನೆ ಕೂತುಬಿಟ್ಟಳು. ಇಷ್ಟು ದಿನ ನಾವೆಲ್ಲ ಎಷ್ಟು ಹೇಳಿದರೂ ಅವಳೊಳಗೆ ಇಳಿಯದಿದ್ದ ಮಾತು ಆಗ ಇಳಿಯಿತು. ಅಳಲು ಶುರುಮಾಡಿದಳು, ಒರೆಸಿಕೊಳ್ಳಲು ಕೈ ಬರುತ್ತಿರಲಿಲ್ಲ, ನಾನೇ ಒರೆಸಿದೆ.

ಆಕೆ ಕನ್ನಡಕ ಮತ್ತೆ ಹಾಕಿಕೊಂಡು ಕೇಳಿದರು. “ಅವತ್ತೂ ಸೇದಿದ್ರಾ?”

“ಸೇದಿದ್ರು.”

“ಪೂರ್ತಿ ಸೇದಿದ್ರಾ, ಅರ್ಧಕ್ಕೇ ಬಿಸಾಕಿದ್ರಾ?”

“ಪೂರ್ತಿ ಅಮ್ಮಾ. ನಾನು ಟೈರ್ ನೋಡಿ ಬಂದಾಗ ಇನ್ನೂ ಮುಗಿದಿರ್ಲಿಲ್ಲ. ಅದಕ್ಕೆ ಇನ್ನೊಂದು ಸುತ್ತು ಹೋಗಿ ಬಂದೆ.”

“ಒಳ್ಳೇದು ಮಾಡ್ದೆ,” ಎಂದರು ಮೇಷ್ಟ್ರ ಹೆಂಡತಿ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಬ್ಯಾಂಡೇಜ್ ಸುತ್ತಿದ ಆ ಎರಡು ಕೈಗಳನ್ನೂ ಎತ್ತಿ ತಮ್ಮ ಮಡಿಲಲ್ಲಿ ಇಟ್ಟುಕೊಂಡರು.